ದೀಪದ ಕಾಕಾ

ಬೆಳಿಗ್ಗೆ ಕಣ್ಣು ಬಿಟ್ಟಾಗ ಒಂದು ನೆನಪು ಕಡಿಮೆಯಾಗಿದೆ ಎಂದು ದಾಕ್ಷಾಯಿಣಿಗೆ ಅನ್ನಿಸಿತು. ಯಾವುದು ಎಂದು ಮಾತ್ರ ತಿಳಿಯಲಿಲ್ಲ. ಹಲ್ಲು ಬಿದ್ದ ಜಾಗವನ್ನು ನಾಲಿಗೆ ಹುಡುಕುವಂತೆ ಮನಸ್ಸು ಒಳಗೆಲ್ಲ ತಡಕಾಡಿತು. ಗಂಡ ದುಂಡೇಶನ ಮುಖ ಇತ್ತು. ಅವನ ಹೆಲ್ಮೆಟ್ಟಿನೊಳಗಿನ ಬೆವರಿನ ವಾಸನೆ ಇತ್ತು. ಹಿಡಕಲ್ ಡ್ಯಾಮಿನ ಕ್ವಾರ್ಟರ್ಸಿನ ಹಿತ್ತಲ ಬಾಗಿಲು, ಅದರಾಚೆ ಹಿನ್ನೀರಿನ ಮೇಲೆ ಎದ್ದು ಬರುವ ಮಂಜು, ಮಂಜಿನೊಳಗಿಂದ ಕೇಳುವ ಮೀನು ಹಿಡಿಯುವವರ ಕೆಮ್ಮು, ಎಲ್ಲವೂ ಇಟ್ಟಲ್ಲೇ ಇದ್ದವು. ಆದರೂ ಏನೋ ಹೋಗಿತ್ತು. ಯಾರೋ ಬಂದು, ನಿದ್ದೆ ಕೆಡದ ಹಾಗೆ ಮೆಲ್ಲಗೆ, ದಿಂಬಿನ ಅಡಿಯಿಂದ ತೆಗೆದುಕೊಂಡು ಹೋಗಿದ್ದರು. ತೆಗೆಯುವವನು ಯಾರು ಎಂಬುದು ಅವಳಿಗೆ ಗೊತ್ತಿತ್ತು. ದೀಪದ ಕಾಕಾ. ದೀಪದ ಕಾಕಾ ಎಂಬವನು ಕಂಪ್ಯೂಟರ್ ಆಟದೊಳಗಿನ ಒಬ್ಬ ಮುದುಕ, ಅವನು ಪರದೆ ದಾಟಿ ಮೂಡಲಗಿಯ ಈ ಮನೆಯವರೆಗೆ ಬರಲಾರ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತು ಅವಳಿಗೆ ಹಿತವಾಗಿತ್ತು.

"ದಾಕ್ಷಾಯಿಣಿ, ಏಳವಾ. ಚಾ ಆರಾಕತ್ತೈತಿ," ಎಂದು ಅಡುಗೆಮನೆಯಿಂದ ಅತ್ತೆ ಬಾಳವ್ವನ ದನಿ ಬಂತು. "ಹುಕ್ಕೇರಿಯವರು ಉಂಡ ಹೊಂಡತಾರಂತ. ಅಲ್ಲಪ್ಪ ಫೋನ್ ಮಾಡಿದ್ದ."

ಹುಕ್ಕೇರಿಯವರು ಬರುವುದು ಅವಳನ್ನು ನೋಡುವುದಕ್ಕೆ, ಅಲ್ಲಪ್ಪ ಕಾಕಾ ತಂದ ಸಂಬಂಧ. ಉಡಕಿ ಮಾಡಿಕೊಳ್ಳುವುದಕ್ಕೆ. ಗಂಡ ಸತ್ತವಳನ್ನು ಇನ್ನೊಬ್ಬನು ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ಇಲ್ಲಿಯವರು ಮದುವೆ ಎನ್ನುವುದಿಲ್ಲ, ಉಡಕಿ ಎನ್ನುತ್ತಾರೆ. ಬಾಜಾ ಇಲ್ಲ, ಅಕ್ಷತೆ ಇಲ್ಲ. ಗೋಕಾಕದ ತವರಿನವರು ಈ ಮಾತು ಎತ್ತಲು ಹೆದರಿ ಕೂತಿದ್ದಾಗ ಎತ್ತಿದವಳು ಬಾಳವ್ವ, ಸತ್ತವನನ್ನು ಹೆತ್ತವಳು. ಅದಕ್ಕೆ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದರು. ಮುದುಕಿಗೆ ಸೊಸೆಯ ಮೇಲೆ ಪ್ರೀತಿ ಎಂದು ಕೆಲವರು, ಸೊಸೆ ಅತ್ತಿದ್ದನ್ನು ನೋಡಲಿಲ್ಲ, ಅದಕ್ಕೇ ಸಿಟ್ಟು ಎಂದು ಕೆಲವರು. ದಾಕ್ಷಾಯಿಣಿ ಎರಡನ್ನೂ ಕೇಳಿಸಿಕೊಂಡು, ಎರಡೂ ನಿಜವಿರಬಹುದು ಎಂದುಕೊಂಡಳು.

ಬಾಳವ್ವ ರೊಟ್ಟಿ ತಟ್ಟುತ್ತಿದ್ದಳು. ಅವಳ ಅಂಗೈ ಕೆಳಗೆ ಹಿಟ್ಟು ತಿರುಗಿ ತಿರುಗಿ ಅಗಲವಾಗುತ್ತಿತ್ತು. ಆ ಸಪ್ಪಳಕ್ಕೆ ದಾಕ್ಷಾಯಿಣಿಗೆ ಮತ್ತೆ ನಿದ್ದೆ ಬರುವ ಹಾಗಾಯಿತು.

"ಅತ್ತಿ, ಇವತ್ತ ಬ್ಯಾಡ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು. ಹ್ವಾದ ಅಮಾಸಿಗೂ ಹಂಗ ಅಂದಿ. ನೋಡವಾ, ಹೂಂ ಅಂದರ ಹೂಂ, ಒಲ್ಲೆ ಅಂದರ ಒಲ್ಲೆ. ಸಂಜಿಕ ಅವರು ಎದ್ದ ಹೋಗೂದರೊಳಗ ಎರಡರಾಗ ಒಂದ ಹೇಳಿ ಬಿಡು. ಹೊಸ್ತಿಲ ಮ್ಯಾಲೆ ನಿಂತಾಕೀನ ಒಳಗ ಕರ್ಯಾಕೂ ಆಗಂಗಿಲ್ಲ, ಹೊರಗ ಕಳಸಾಕೂ ಆಗಂಗಿಲ್ಲ."

"ಒಲ್ಲೆ ಅಂದರ?"

"ಒಲ್ಲೆ ಅಂದರ ದಿನಾ ನನ್ನ ರೊಟ್ಟಿ ತಿನ್ನು, ಏನ್ ಸಾಯತಿ?" ಬಾಳವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದಳು. "ನಮ್ಮವ್ವಂದೂ ಉಡಕೀನ. ನಾ ಉಡಕಿ ಹೊಟ್ಟಿಯಾಗ ಹುಟ್ಟಿದಾಕಿ. ಆಕೀನ ಕತ್ತಲದಾಗ ಕರಕೊಂಡ ಬಂದ್ರಂತ, ಹಿತ್ತಲ ಬಾಗಲದಿಂದ. ಮುತ್ತೈದೇರೆಲ್ಲಾ ಕದಾ ಹಾಕೊಂಡ ಕುಂತಿದ್ರಂತ, ಆಕಿ ಮುಖಾ ಕಾಣಬಾರದು ಅಂತ. ಸಾಯೂ ತನಕಾ ಆಕಿ ಮುಂದಿನ ಬಾಗಲದಿಂದ ಒಳಗ ಬರಾಕ ಅಂಜತಿದ್ದಳು. ನೀ ಹೋಗೂದಾದರ ಹಗಲಾಗ ಹೋಗಬೇಕು. ಅಷ್ಟ ನಾ ಅಲ್ಲಪ್ಪಗ ಹೇಳೇನಿ. ಮತ್ತೇನೂ ಹೇಳಿಲ್ಲ."

ದಾಕ್ಷಾಯಿಣಿ ಚಹಾ ಕುಡಿದಳು. ಬಾಳವ್ವ ಇನ್ನೊಂದು ಲೋಟ ಬಗ್ಗಿಸಿಟ್ಟಿದ್ದಳು. ಅದು ಮಗ ಬಂದಾಗ ಕುಡಿಯುತ್ತಿದ್ದ, ಈಗ ಯಾರದ್ದೂ ಅಲ್ಲದ ಲೋಟ. ದಿನಾ ಬಗ್ಗಿಸಿಡುತ್ತಾಳೆ, ಸ್ವಲ್ಪ ಹೊತ್ತಿನ ಮೇಲೆ ತಾನೇ ಕುಡಿಯುತ್ತಾಳೆ. ಕೈಗೆ ರೂಢಿ ತಪ್ಪಿಲ್ಲ.

ಎರಡನೇ ಶನಿವಾರವಾದ್ದರಿಂದ ಕಚೇರಿ ಇರಲಿಲ್ಲ. ಇದ್ದಿದ್ದರೆ ಈ ಹೊತ್ತಿಗೆ ಗೋಕಾಕದ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು, ಕಬ್ಬಿನ ಹೊಲಗಳು ಹಿಂದಕ್ಕೆ ಹರಿಯುವುದನ್ನು ನೋಡುತ್ತ, ಎಲ್ಲಿಗೂ ತಲುಪದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದಳು. ಗಂಡ ನೀರಾವರಿ ಇಲಾಖೆಯಲ್ಲಿದ್ದ. ಅವನು ಸತ್ತ ಮೇಲೆ ಅವಳಿಗೆ ಅನುಕಂಪದ ಮೇಲೆ ಗುಮಾಸ್ತೆ ನೌಕರಿ ಸಿಕ್ಕಿತು. ಕಚೇರಿಯಲ್ಲಿ ಇನ್ನೊಬ್ಬ ದಾಕ್ಷಾಯಿಣಿ ಇದ್ದುದರಿಂದ, ಗುರುತಿಗಾಗಿ, ಇವಳನ್ನು ಅನುಕಂಪದ ಮೇಡಮ್ ಎಂದು ಕರೆದರು. ಯಾರೂ ಕೆಟ್ಟ ಮನಸ್ಸಿನಿಂದ ಕರೆಯುತ್ತಿರಲಿಲ್ಲ. "ಅನುಕಂಪದ ಮೇಡಮ್ ಕಡೆ ಸ್ಟ್ಯಾಪ್ಲರ್ ಐತಿ ನೋಡೊ" ಎನ್ನುತ್ತಿದ್ದರು, ಅಷ್ಟೆ. ಎಂ.ಎ.ಯಲ್ಲಿ ಕರುಣ ರಸದ ಮೇಲೆ ಪುಟಗಟ್ಟಲೆ ಬರೆದು ಭೇಷ್ ಎನ್ನಿಸಿಕೊಂಡವಳು ಸ್ಟ್ಯಾಪ್ಲರ್ ಎತ್ತಿಕೊಡುತ್ತಿದ್ದಳು. ಕೊಡುವಾಗ ಕೈಯನ್ನು ನೋಡಿಕೊಳ್ಳುತ್ತಿದ್ದಳು. ಅದು ಬೇರೆ ಯಾರದ್ದೋ ಕೈಯ ಹಾಗೆ, ಹೇಳಿದ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು.

ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ನಾದಿನಿ ದಾನೇಶ್ವರಿ ಹನ್ನೊಂದರ ಬಸ್ಸಿಗೆ ಬಂದಳು. ಬಂದವಳೇ ಚೀಲ ಎಸೆದು, ಅತ್ತಿಗೆಯ ಹಾಸಿಗೆಯ ಮೇಲೆ ಇಟ್ಟಿದ್ದ ಸೀರೆಯನ್ನು ಎತ್ತಿ ಹಿಡಿದಳು.

"ಇದನ್ನ ಉಡಾಕಿದೇನ ವೈನಿ? ಬೂದಿ ಬಣ್ಣದ್ದು? ಇದನ್ನುಟ್ಟ ಗ್ವಾಡಿಗೆ ಆತಕೊಂಡ ನಿಂತ್ರ ಹುಕ್ಕೇರಿಯವರು ಗ್ವಾಡಿ ಯಾವದು, ಕನ್ಯಾ ಯಾವದು ಅಂತ ಹುಡಕ್ಯಾಡಬೇಕು."

"ಹುಡಕಲಿ ಬಿಡು."

"ಎವ್ವಾ, ನೋಡು ನಿನ್ನ ಸೊಸಿ ಒಂದ ಮಾತ ಆಡಿದಳು! ದಾಖಲ ಮಾಡಿಕೋ." ದಾನೇಶ್ವರಿ ನಕ್ಕಳು, ನಗುತ್ತಲೇ ಕಣ್ಣು ಕಂಪ್ಯೂಟರಿನ ಮೇಲೆ ಹೋಗಿ ನಿಂತಿತು. ಅದು ಅಣ್ಣನ ಕಂಪ್ಯೂಟರ್. ಹಿಡಕಲ್ಲಿನಿಂದ ಸಾಮಾನು ತಂದಾಗ ಗ್ಯಾಸ್ ಒಲೆಯ ಜೊತೆಗೆ ಅದೂ ಬಂದಿತ್ತು. "ಇನ್ನೂ ಚಾಲೂ ಐತೇನ ಇದು? ಅಣ್ಣನ ಆಟ?"

ಚಾಲೂ ಇತ್ತು. ರಜೆಯ ದಿನ ಮಧ್ಯಾಹ್ನ ಬಾಳವ್ವ ಮಲಗಿದ ಹೊತ್ತಿನಲ್ಲಿ ದಾಕ್ಷಾಯಿಣಿ ಅದನ್ನು ಹಚ್ಚುತ್ತಿದ್ದಳು. ಆಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಪರದೆಯಲ್ಲಿ ಹಿಮ ಬೀಳುತ್ತಿತ್ತು. ಬೆಟ್ಟದ ನೆತ್ತಿಯ ಮೇಲೆ ಒಂದು ಕಲ್ಲಿನ ಛತ್ರ, ಛತ್ರದ ಮೇಲೆ ದೊಡ್ಡದೊಂದು ದೀಪ, ದೀಪದ ಪಕ್ಕದಲ್ಲಿ ಕೈಯಲ್ಲಿ ಚಕಮಕಿ ಕಲ್ಲು ಹಿಡಿದು ನಿಂತ ಮುದುಕ. ಅವನ ಎದುರಿಗೆ ಕತ್ತಿ ಕಟ್ಟಿಕೊಂಡ ಒಬ್ಬ ಹೆಂಗಸು. ಆಟದಲ್ಲಿ ದುಂಡೇಶನ ವೇಷ ಅದು. ಗಂಡಸಾಗಿ ತಾನು ಯಾಕೆ ಹೆಂಗಸಿನ ವೇಷ ಹಾಕಿದೆ ಎಂದು ಅವನು ಹೇಳಿರಲಿಲ್ಲ. ಹೆಸರು ಮಾತ್ರ ದಾಕ್ಷಿ ಎಂದು ಇಟ್ಟಿದ್ದ. ಹಾಗಾಗಿ ಕಳೆದ ಚಳಿಗಾಲದಿಂದ ಅವಳೇ ಅಲ್ಲಿ, ಹಿಮದಲ್ಲಿ, ಮುದುಕನ ಎದುರು ನಿಂತಿದ್ದಳು. ಹೆಗಲ ಮೇಲೆ ಹಿಮ ಬೀಳುತ್ತಿತ್ತು. ಉಸಿರು ಹೊಗೆಯಾಗಿ ಹೊರಗೆ ಬರುತ್ತಿತ್ತು. ಈ ಕಡೆ ಕೂತವಳಿಗಿಂತ ಆ ಕಡೆ ನಿಂತವಳು ಹೆಚ್ಚು ಉಸಿರಾಡುತ್ತಾಳೆ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

"ಇವಾ ಯಾಂವ?" ಎಂದಳು ದಾನೇಶ್ವರಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು.

"ನಿಮ್ಮಣ್ಣ ಇವಗ ದೀಪದ ಕಾಕಾ ಅಂತಿದ್ದರು."

ದಾಕ್ಷಾಯಿಣಿ ಕತೆ ಹೇಳಿದಳು. ಆ ನಾಡಿನಲ್ಲಿ ಒಂದು ಮಂಜು. ಅದು ಇಳಿದ ಊರಿನಲ್ಲಿ ಜನ ನಿಂತಲ್ಲೇ ಕಲ್ಲಾಗುತ್ತಾರೆ. ಬೆಟ್ಟದ ಮೇಲಿನ ತಾಯಿಯೊಬ್ಬಳು ದೀಪ ಹಿಡಿದು ಮಂಜನ್ನು ತಡೆಯುತ್ತಾಳೆ ಎಂದು ಕೆಳಗಿನ ಹಳ್ಳಿಯವರು ನಂಬಿದ್ದಾರೆ, ಆ ನಂಬಿಕೆಯ ಮೇಲೆ ಉಳುತ್ತಾರೆ, ಬಿತ್ತುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಛತ್ರದ ಪಕ್ಕದ ಅವಳ ಗುಡಿಯ ಒಳಗೆ ಮಾತ್ರ ಯಾರೂ ಇಲ್ಲ. ತಾಯಿ ಯಾವತ್ತೋ ಹೋಗಿಬಿಟ್ಟಿದ್ದಾಳೆ, ಖಾಲಿ ಪೀಠ ಇದೆ. ಅದು ಗೊತ್ತಿರುವವನು ಪೂಜೆಯ ಮುದುಕ ಒಬ್ಬನೇ. ದೀಪವನ್ನು ಅವನೇ ಹಚ್ಚುತ್ತಾನೆ. ಎಣ್ಣೆಗೆ ಉರಿಯುವ ದೀಪವಲ್ಲ ಅದು, ನೆನಪಿಗೆ ಉರಿಯುವ ದೀಪ. ಛತ್ರದಲ್ಲಿ ತಂಗಿದ ದಾರಿಹೋಕರು ಮಲಗಿದ ಮೇಲೆ ಒಬ್ಬೊಬ್ಬರಿಂದ ಒಂದೊಂದು ನೆನಪನ್ನು, ಅವರಿಗೆ ಗೊತ್ತಾಗದ ಹಾಗೆ, ತೆಗೆದು ದೀಪಕ್ಕೆ ಎರೆಯುತ್ತಾನೆ. ಬೆಳಿಗ್ಗೆ ಅವರು ಎದ್ದು, ಏನೋ ಮರೆತೆವಲ್ಲ ಎಂದು ಚೀಲ ತಡಕಿ, ದಾರಿ ಹಿಡಿಯುತ್ತಾರೆ.

"ಹಂಗಾರ ಕೆಟ್ಟಾಂವಾ?"

"ಅದನ್ನ ಅವನ ಕೇಳತಾನ. ಆಟದ ಕೊನೀಕ. ನಾ ಕಳ್ಳನೋ, ಭಕ್ತನೋ ಅಂತ. ನಾವು ಹೇಳಬೇಕು."

"ಅಣ್ಣ ಏನ ಹೇಳಿದ?"

ಅಣ್ಣ ಹೇಳಿರಲಿಲ್ಲ. ಹೇಳುವ ಜಾಗದಲ್ಲಿ ಆಟ ನಿಂತಿತ್ತು. ಆ ಪ್ರಶ್ನೆಗಾಗಿ ಹಿಡಕಲ್ಲಿನ ಆ ಸಣ್ಣ ಕೋಣೆಯಲ್ಲಿ ಅವರಿಬ್ಬರೂ ವಾರಗಟ್ಟಲೆ ಜಗಳ ಕಾಯ್ದಿದ್ದರು. ಅವನಿಗೆ ಇಂಗ್ಲಿಷ್ ನಿಧಾನ. ಪರದೆಯ ಕೆಳಗೆ ಅಕ್ಷರಗಳು ಓಡುವಾಗ "ಏನಂತಾನ ದಾಕ್ಷಿ, ಏನಂತಾನ?" ಎನ್ನುತ್ತಿದ್ದ, ಅವಳು ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು, ಓದಿ, ಕನ್ನಡದಲ್ಲಿ ಹೇಳುತ್ತಿದ್ದಳು.

"ಅಂವಾ ಕಳ್ಳರಿ," ಎಂದಿದ್ದಳು. "ಗುಡಿ ಖಾಲಿ ಅಂತ ಗೊತ್ತೈತಿ. ಗೊತ್ತಿದ್ದೂ ಊರಿಗೆ ಸುಳ್ಳ ಹೇಳತಾನ. ಮಂದಿ ನೆನಪ ಕದೀತಾನ. ನಂಬಿಕಿ ಇಲ್ಲದ ಪೂಜಾ ಅದು."

"ಕದೀತಾನ, ಖರೆ. ಆದರ ಹಚ್ಚತಾನಲ್ಲ."

"ಹಚ್ಚಿದರ ನಂಬಿಕಿ ಆಗತೈತೇನು?"

ದುಂಡೇಶ ಡ್ಯಾಮಿನ ಗೇಟು ಎತ್ತುವ ಕೆಲಸದವನು. ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಂಡು ಹೇಳಿದ್ದ: "ಮ್ಯಾಲಿಂದ ಫೋನ್ ಬರತೈತಿ, ಬಟನ್ ಒತ್ತತೀನಿ. ಕೆಳಗ ಯಾರ ಹೊಲಕ್ಕ ನೀರ ಹೊಕ್ಕತೈತಿ, ಯಾರ ದನಾ ಹರಕೊಂಡ ಹೋಗತಾವ, ನನಗ ಕಾಣಂಗಿಲ್ಲ. ಒತ್ತಲಿಲ್ಲ ಅಂದರ ಡ್ಯಾಮ್ ಉಳಿಯಂಗಿಲ್ಲ. ನಂಬಿ ಒತ್ತತೀನೋ, ನೌಕರಿ ಅಂತ ಒತ್ತತೀನೋ, ಯಾರಿಗ್ಗೊತ್ತು? ನಂಬಿಕಿ ಎದ್ಯಾಗ ಇರಂಗಿಲ್ಲ ದಾಕ್ಷಿ. ಕೈಯಾಗ ಇರತೈತಿ."

ಅವಳು ನಕ್ಕಿದ್ದಳು. ದಡ್ಡ ಹುಡುಗನ ಉತ್ತರಕ್ಕೆ ಅಂಚಿನಲ್ಲಿ ಕೆಂಪು ಗೆರೆ ಎಳೆಯುವವರು ನಗುವಂಥ ನಗು. ಅವನೂ ನಕ್ಕಿದ್ದ, ಸ್ವಲ್ಪ ತಡವಾಗಿ. ಆ ತಡವನ್ನು ಅವಳು ಆಗ ಗಮನಿಸಿರಲಿಲ್ಲ. ಈಗ ಅದೊಂದೇ ಕಾಣುತ್ತದೆ. ಅವಳ ನಗುವಿಗೂ ಅವನ ನಗುವಿಗೂ ನಡುವಿನ ಆ ಸಣ್ಣ ಖಾಲಿ. ಅದರೊಳಗೆ ಹಿನ್ನೀರಿನ ಮಂಜು ಬಂದು ತುಂಬಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ, "ಇವತ್ತ ಬಂದು ಮುಗಸೂಣ. ನಾ ಒತ್ತಂಗಿಲ್ಲ, ನೀನ ಒತ್ತು. ನೀ ಕಲತಾಕಿ," ಎಂದು ಹೋದ. ಯಾವುದೋ ಸಾಮಾನು ತರಲು ಕಣಗಲಾದ ಕಡೆ ಹೋಗಿದ್ದ. ಹೆದ್ದಾರಿಯಲ್ಲಿ ಲಾರಿ. ಫೋನು ಬಂದಾಗ ಅವಳು ಕಂಪ್ಯೂಟರಿನ ಮೇಲಿನ ಧೂಳು ಒರೆಸುತ್ತಿದ್ದಳು. ಕೈ ಒರೆಸುವುದನ್ನು ನಿಲ್ಲಿಸಲಿಲ್ಲ. ಆ ಕಡೆಯವನು ಹೇಳಿ ಮುಗಿಸುವವರೆಗೂ, ಮುಗಿಸಿದ ಮೇಲೂ, ಅದು ಒಂದೇ ಜಾಗವನ್ನು ಒರೆಸುತ್ತಿತ್ತು.

ಮಣ್ಣು ಮಾಡುವ ದಿನ ಅವನನ್ನು ಕೂಡಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಮಠದ ಐನಾರು ಅವನ ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಹೆಂಗಸರು ಅವಳನ್ನು ಅವನ ಮುಂದೆ ತಂದು ಕೂಡಿಸಿ, ಅಳವ್ವಾ, ಅತ್ತ ಬಿಡು ಎಂದರು. ಅವಳಿಗೆ ಆ ಮುಷ್ಟಿಯ ಹೊರತು ಬೇರೇನೂ ಕಾಣಲಿಲ್ಲ. ಕೈಯಾಗ ಇರತೈತಿ. ಬೇರೆಯವರು ಮಡಚಿದ ಬೆರಳುಗಳೊಳಗೂ ಇರುತ್ತದೆಯೆ? ದೀಪದ ಕಾಕಾ ಕಳ್ಳನೋ ಭಕ್ತನೋ? ಗಂಡನ ಹೆಣದ ಮುಂದೆ ಕೂತು ಅವಳು ಒಂದು ಆಟದ ಮುದುಕನ ಬಗ್ಗೆ ಯೋಚಿಸುತ್ತಿದ್ದಳು. ಅದು ಗೊತ್ತಾದಾಗ ನಾಚಿಕೆಯಾಯಿತು, ನಾಚಿಕೆಗೂ ಕಣ್ಣೀರು ಬರಲಿಲ್ಲ. ಹಿಂದಿನಿಂದ ಯಾರೋ "ಕಲ್ಲ ಐತಿ ನೋಡ್ರಿ" ಎಂದರು. ಅವಳಿಗೆ ಮಂಜು ಇಳಿದ ಊರು ನೆನಪಾಯಿತು. ಹೌದು, ಮಂಜು ಇಳಿದಿದೆ, ಇವರಿಗೆ ಹೇಳುವವರು ಯಾರು ಎಂದುಕೊಂಡಳು.

"ವೈನಿ, ನಾ ಇದನ್ನ ಒತ್ತಲೇನ?" ದಾನೇಶ್ವರಿ ಕೇಳಿ, ಕೇಳುತ್ತಲೇ ಒತ್ತಿಬಿಟ್ಟಿದ್ದಳು. ಮುದುಕ ತಲೆ ಎತ್ತಿದ. ಕೆಳಗೆ ಅಕ್ಷರಗಳು ಓಡತೊಡಗಿದವು. ದಾಕ್ಷಾಯಿಣಿ ಕೈ ಚಾಚಿದಳು, ನಿಲ್ಲಿಸಲಿಲ್ಲ. ಆ ಮಾತುಗಳು ಬರುತ್ತವೆ ಎಂದು ಅವಳಿಗೆ ಗೊತ್ತಿತ್ತು.

ದಾನೇಶ್ವರಿ ಓದುತ್ತ ಕನ್ನಡದಲ್ಲಿ ಹೇಳತೊಡಗಿದಳು. "ಏನಂತಾನ ನೋಡು ವೈನಿ... ಹೊತ್ತ ಮುಣಗತಿದ್ದಂಗ ನನ್ನ ಕೈ ಚಕಮಕಿ ಹುಡಕತೈತಿ. ತಾಯಿ ಅದಾಳೋ ಇಲ್ಲೋ ಅಂತ ಕೇಳೂದ ನಾ ಬಿಟ್ಟೆ. ಕೈ ಬಿಟ್ಟಿಲ್ಲ... ಕೆಳಗ ಕೂಸ ಅಳೂದ ಕೇಳತೈತಿ, ಅಷ್ಟರಾಗ ಕೈ ಹಚ್ಚಿ ಬಿಟ್ಟಿರತೈತಿ..." ಅವಳು ಓದು ನಿಲ್ಲಿಸಿದಳು. "ಥೇಟ್ ಅಣ್ಣ ಮಾತಾಡಿದಂಗ ಐತಲ್ಲ ವೈನಿ ಇದು."

"ಹೌದು."

"ಅಣ್ಣ ಇದನ್ನ ಕೇಳಿ ಭಾಳ ಖುಷಿ ಪಟ್ಟಿರಬೇಕು."

ದಾಕ್ಷಾಯಿಣಿ ಹಿಮವನ್ನು ನೋಡುತ್ತಿದ್ದಳು. ಇಬ್ಬರೂ ನಕ್ಕ ಆ ದಿನವೇ ಈ ಅಕ್ಷರಗಳು ಓಡಿದಾಗ ಅವನು "ಏನಂದ?" ಎಂದು ಕೇಳಿದ್ದ. ಅವಳು ಓದಿದ್ದಳು, ಪೂರ್ತಿ. ಅವನು ತನ್ನ ಒರಟು ಮಾತಿನಲ್ಲಿ ಹೇಳಿದ್ದನ್ನೇ ಮುದುಕ ಹೇಳುತ್ತಿದ್ದ. ಅವನು ಕೇಳಿಸಿಕೊಳ್ಳದೆಯೇ ಮುದುಕನನ್ನು ಓದಿದ್ದ. ಅಕ್ಷರ ಓದಿದ ಅವಳಿಗೆ ಮುದುಕ ತಿಳಿದಿರಲಿಲ್ಲ. "ಏನಿಲ್ಲ, ತನ್ನ ಬಡಾಯಿ ಹೇಳಾಕತ್ತಾನ," ಎಂದಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು ಎಂಬುದೂ ನಿಜ. ಅವನು "ಹೌದೇನ?" ಎಂದು ಪರದೆಯ ಕಡೆಗೆ, ಮುದುಕನ ಕಡೆಗೆ, ಸ್ವಲ್ಪ ಹೊತ್ತು ನೋಡಿದ. ನಂಬಲಿಲ್ಲವೆ? ನಂಬಿದನೆ? ಹಾಲು ಇಳಿಸಿ ಬರುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಈಗ ಅದೇ ಮಾತುಗಳನ್ನು ಅವನ ತಂಗಿ ಅವನ ದನಿಯ ಏರಿಳಿತದಲ್ಲೇ ಓದುತ್ತಿದ್ದಾಳೆ. ಹೇಳಬೇಕಾದದ್ದು ಒಂದು ಸುತ್ತು ಬಳಸಿ, ತಡವಾಗಿ, ಅವನಿಲ್ಲದ ಕೋಣೆಗೆ ಬಂದಿದೆ.

ಬಾಳವ್ವ ಮೊರದಲ್ಲಿ ಶೇಂಗಾ ಹಿಡಿದುಕೊಂಡು ಒಳಗೆ ಬಂದಳು. ಪರದೆಯನ್ನು ನೋಡಿ ನಿಂತಳು. "ಇಂವಾ ಇನ್ನೂ ಇಲ್ಲೇ ನಿಂತಾನ? ದುಂಡ್ಯಾ ಹಿಡಕಲ್ಲಿನಾಗ ತೋರಿಸಿದಾಗೂ ಹಿಂಗ ನಿಂತಿದ್ದ. ಕುಂಡ್ರಾಂಗ ಇಲ್ಲೇನ ಇವಗ?"

"ಎವ್ವಾ, ಅದ ಬೊಂಬಿ ಇದ್ದಂಗ. ನಿಲ್ಲು ಅಂತ ಮಾಡ್ಯಾರ, ನಿಂತೈತಿ."

"ಮಾಡಿದವರಿಗರೆ ಬುದ್ಧಿ ಬ್ಯಾಡೇನ? ಮುದುಕನ್ನ ಹಿಮದಾಗ ನಿಲ್ಲಿಸಿ." ಬಾಳವ್ವ ಶೇಂಗಾ ಸುಲಿಯುತ್ತ ಹೊರಗೆ ಹೋದಳು. "ದಾನವ್ವಾ, ಬಾ ಇಲ್ಲೆ. ಚುರಮುರಿಗೆ ಉಳ್ಳಾಗಡ್ಡಿ ಹೆಚ್ಚು. ಕಾರು ಬಂದಂಗಾತು."

ಕಾರಿನಿಂದ ಅಲ್ಲಪ್ಪ ಕಾಕಾ ಇಳಿದ, ಅವನ ಹಿಂದೆ ಒಬ್ಬ ವಯಸ್ಸಾದ ಹೆಂಗಸು, ಅವಳ ಹಿಂದೆ ಶ್ರೀಶೈಲ. ಹುಕ್ಕೇರಿಯಲ್ಲಿ ಪಂಪ್‌ಸೆಟ್ಟಿನ ಮೋಟರು ಸುತ್ತುವ ಅಂಗಡಿ ಅವನದು. ಹೆಂಡತಿ ತೀರಿಕೊಂಡು ಎರಡು ವರ್ಷ, ಒಬ್ಬಳೇ ಮಗಳು. ಇಷ್ಟು ಅಲ್ಲಪ್ಪ ಮೊದಲೇ ಹೇಳಿದ್ದ. ದಾಕ್ಷಾಯಿಣಿ ಬೂದಿ ಬಣ್ಣದ ಸೀರೆಯನ್ನೇ ಉಟ್ಟು ಬಂದು ನೀರು ಕೊಟ್ಟಳು. ವಯಸ್ಸಾದ ಹೆಂಗಸು, ಅವನ ಸೋದರತ್ತೆ, ಅವಳನ್ನು ಮೇಲಿಂದ ಕೆಳಗೆ ನೋಡಿ "ಭಾಳ ಸೊರಗ್ಯಾಳಲ್ಲರಿ" ಎಂದಳು. "ನೌಕರಿಗೆ ಹೋಗತಾಳಂತ?" ಎಂದಳು. "ಅಡಗಿ ಬರತೈತೇನ್ರಿ?" ಎಂದಳು. ಕೇಳಿದ್ದೆಲ್ಲ ಬಾಳವ್ವನನ್ನೇ.

"ಅಡಗಿ ಆಕೀಗಿ ಬರತೈತ್ರಿ, ತಿನ್ನಾಕ ನಿಮ್ಮ ಹುಡುಗಗ ಬರತೈತೋ ಇಲ್ಲೋ ಕೇಳ್ರಿ," ಎಂದಳು ಬಾಳವ್ವ. ಅಲ್ಲಪ್ಪ ದೊಡ್ಡದಾಗಿ ನಕ್ಕು, ಚುರಮುರಿ ನೆತ್ತಿಗೇರಿಸಿಕೊಂಡು, ನೀರು ನೀರು ಎಂದ. ಆ ಗದ್ದಲದಲ್ಲಿ ಯಾರೋ, ಅವರಿಬ್ಬರೂ ಮಾತಾಡಲಿ ಎಂದರು.

ಮಾತಾಡಲು ಇದ್ದ ಕೋಣೆ ಅದೊಂದೇ. ದಾನೇಶ್ವರಿ ಕಂಪ್ಯೂಟರ್ ಆರಿಸಿರಲಿಲ್ಲ. ಶ್ರೀಶೈಲ ಸ್ಟೂಲಿನ ತುದಿಗೆ ಕೂತ. ಅವನ ಬೆರಳ ಸಂದಿಗಳಲ್ಲಿ ತೊಳೆದರೂ ಹೋಗದ ವಾರ್ನಿಷ್ಷಿನ ಕಂದು. ಇಬ್ಬರೂ ಹಿಮ ಬೀಳುವುದನ್ನು ನೋಡಿದರು. ಅದು ಒಂದು ಹಳೆಯ ಗಂಡ ಹೆಂಡತಿ ಕಿಟಕಿಯ ಹೊರಗೆ ನೋಡುವ ಹಾಗಿತ್ತು.

"ಇವರು ಯಾರ್ರಿ?" ಎಂದ ಕೊನೆಗೆ. ಬೊಂಬೆಗೆ ಬಹುವಚನ ಹಚ್ಚಿದ್ದ.

ದಾಕ್ಷಾಯಿಣಿ ಮತ್ತೊಮ್ಮೆ ಹೇಳಿದಳು. ಮಂಜು, ಖಾಲಿ ಗುಡಿ, ನೆನಪಿಗೆ ಉರಿಯುವ ದೀಪ. ಹೊರಗಿನವರ ಜೊತೆ ಇಷ್ಟು ಉದ್ದಕ್ಕೆ ಮಾತಾಡಿ ಎಷ್ಟೋ ಕಾಲವಾಗಿತ್ತು. ದನಿ ತನ್ನದಲ್ಲ ಅನ್ನಿಸಿತು. ಮುದುಕ ಹೇಳಿದ ಕೈಯ ಮಾತನ್ನೂ, ಈ ಸಲ ಒಂದಕ್ಷರ ಬಿಡದೆ, ಹೇಳಿದಳು. ಶ್ರೀಶೈಲ ಕುತ್ತಿಗೆ ಬಾಗಿಸಿ, ಸುಟ್ಟ ಮೋಟರಿನ ಒಳಗೆ ಇಣುಕುವವನಂತೆ ಕೇಳಿದ.

"ಊರಿಗೆ ಖರೆ ಹೇಳಿದರ ಏನಾಗತೈತ್ರಿ?"

"ದೀಪ ಆರತೈತಿ. ಮಂಜ ಇಳೀತೈತಿ."

"ಹೇಳಲಿಲ್ಲ ಅಂದರ?"

"ಇಂವಾ ಹಿಂಗ ನಿಂತಿರತಾನ."

ಅವನು ಬೆರಳ ಸಂದಿಯ ಕಂದು ಕಲೆಯನ್ನು ಉಗುರಿನಿಂದ ಕೆರೆದ. ಹೊರಗೆ ಅಲ್ಲಪ್ಪನ ದನಿ, ಕಬ್ಬಿನ ಕಾರ್ಖಾನೆಯ ಮಾತು.

"ನಮ್ಮ ಅನ್ನಪೂರ್ಣಾಗ ಅವರವ್ವ ತೀರಿಕೊಂಡಾಗ ಮೂರ ವರ್ಷರಿ," ಎಂದ. "ಜಡಿ ಹಾಕೂದು ನನಗ ಬರತಿರಲಿಲ್ಲ. ಮುಂಜಾನೆ ಆಕಿ ಏಳೂಕ್ಕಿಂತ ಮೊದಲ ನಿದ್ದಿಯಾಗ ಹಾಕಿ ಬಿಡತಿದ್ದೆ, ಎಚ್ಚರ ಇದ್ದರ ಒದರತಾಳಂತ. ಒಂದ ದಿನಾ ಎದ್ದಾಕೀನ, ಅವ್ವ ಬಂದಿದ್ದಳೇನ ಅಂದಳು. ನಾ ಹೂಂ ಅಂದೆ. ಬಾಯಿಂದ ಬಂದ ಹೋತು. ಈಗೂ ದಿನಾ ಹಂಗರಿ. ಹಾಕತೀನಿ, ಅವ್ವ ಹಾಕಿ ಹ್ವಾದಳು ಅಂತೀನಿ. ಸೊಟ್ಟ ಆಗಿರತೈತಿ. ಅವ್ವಗ ಕತ್ತಲದಾಗ ಕಾಣಂಗಿಲ್ಲಲ್ಲ ಅಪ್ಪಾ, ಅಂತಾಳ ಆಕೀನ." ಅವನು ನಗಲು ನೋಡಿದ. "ಇವತ್ತ ಇಲ್ಲಿಗೆ ಬರಾಕತ್ತೇನಿ ಅಂತ ಆಕೀಗಿ ಏನ ಹೇಳಬೇಕು ತಿಳೀಲಿಲ್ರಿ. ಖರೆ ಹೇಳಿದರ ಅವರವ್ವ ಇನ್ನೊಮ್ಮೆ ಸಾಯತಾಳ. ಹೇಳಲಿಲ್ಲ ಅಂದರ ನೀವ ಬಂದ ಮ್ಯಾಲೆ ಜಡಿ ಯಾರ ಹಾಕಿದರು ಅಂತ ಹೇಳೂದು? ಅದನ್ನ ಕೇಳಬೇಕಂತ ಬಂದೆ. ಮತ್ತೇನೂ ಕೇಳೂದಿಲ್ಲ."

ಅವನು ಪರದೆಯ ಮುದುಕನನ್ನು ನೋಡುತ್ತಿದ್ದ. ಮುದುಕ ಅವಳನ್ನು ನೋಡುತ್ತಿದ್ದ. ನಾನು ಕಳ್ಳನೋ, ಭಕ್ತನೋ? ಕಳ್ಳ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಇಷ್ಟು ದಿನ ಸಿದ್ಧವಾಗಿ ಕೂತಿತ್ತು. ಹುಡುಕಿದಳು, ಇರಲಿಲ್ಲ. ಭಕ್ತ ಎಂಬುದೂ ಇರಲಿಲ್ಲ. ನಿದ್ದೆಯಲ್ಲಿರುವ ಮಗುವಿನ ತಲೆ, ಕತ್ತಲಲ್ಲಿ ಮೂರು ಎಳೆ ಕೂದಲನ್ನು ಹಿಡಿದು ಒಂದರ ಮೇಲೊಂದು ಹಾಕುವ ವಾರ್ನಿಷ್ ಬೆರಳುಗಳು, ಅವಷ್ಟೇ ಕಂಡವು. ಈ ಮನುಷ್ಯನನ್ನು ತಾನು ಪ್ರೀತಿಸಲಾರೆ ಎಂದು ಅವಳಿಗೆ ಅನ್ನಿಸಿತು. ಸದ್ಯಕ್ಕೆ ಯಾರನ್ನೂ, ಏನನ್ನೂ. ಎದೆಯೊಳಗೆ ನೋಡಿದರೆ ಖಾಲಿ ಪೀಠ. ಹಾಗಿದ್ದೂ ಆ ಸೊಟ್ಟ ಜಡೆಯನ್ನು ಬಿಚ್ಚಿ ಸರಿಯಾಗಿ ಹೆಣೆಯಬೇಕೆಂದು ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತಿದ್ದವು. ಅವಳು ಅವುಗಳನ್ನು ಬೆರಗುಗಣ್ಣಿನಿಂದ ನೋಡಿದಳು.

ಪರದೆಯಲ್ಲಿ ಮೂರು ಸಾಲುಗಳಿದ್ದವು. ಊರಿಗೆ ನಿಜ ಹೇಳು. ಸುಮ್ಮನೆ ನಿನ್ನ ದಾರಿ ಹಿಡಿ. ಚಕಮಕಿಯನ್ನು ನೀನು ತೆಗೆದುಕೋ. ಅವಳು ಗಂಡನ ಜೊತೆ ಕಾಯ್ದ ಜಗಳವೆಲ್ಲ ಮೊದಲ ಎರಡರ ಬಗ್ಗೆ. ಮೂರನೆಯದನ್ನು ದುಂಡೇಶ ನೋಡಿದ್ದನೋ ಇಲ್ಲವೋ. ನೀನ ಒತ್ತು, ಎಂದಿದ್ದ.

ಒತ್ತಿದಳು.

ದಾಕ್ಷಿ ಎಂಬ ಹೆಂಗಸು ಹಿಮದಲ್ಲಿ ಎರಡು ಹೆಜ್ಜೆ ನಡೆದು ಕೈ ಚಾಚಿದಳು. ಮುದುಕ ಕಲ್ಲನ್ನು ತಟ್ಟನೆ ಕೊಡಲಿಲ್ಲ. ಕೊಟ್ಟ ಮೇಲೂ ಅವನ ಬೆರಳು ಹಾಗೇ ಮಡಚಿಕೊಂಡಿದ್ದವು. ಆಮೇಲೆ ಅವನು ಗೋಡೆಗೆ ಕೈ ಊರಿ, ಒಂದು ಮೊಣಕಾಲು ಮಡಚಿ, ಇನ್ನೊಂದನ್ನು ಮಡಚಿ, ದೊಡ್ಡ ನಿಟ್ಟುಸಿರಿನೊಂದಿಗೆ ಮೆಟ್ಟಿಲ ಮೇಲೆ ಕೂತ.

ಚಹಾದ ತಾಟು ಹಿಡಿದು ಬಾಳವ್ವ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಕುಂತ ನೋಡವಾ," ಎಂದಳು. "ಕುಂತ ಪಾಪ." ತಾಟಿನಲ್ಲಿ ಮೂರು ಲೋಟಗಳಿದ್ದವು. ಮೂರನೆಯದು ತನಗೆಂದು ತಂದದ್ದಲ್ಲ ಎಂಬುದು ಅವಳಿಗೆ ಆಗಲೇ ಹೊಳೆದಂತೆ, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ, ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟಳು. ಸೊಸೆಯ ಮುಖವನ್ನು ಮಾತ್ರ ನೋಡಲಿಲ್ಲ. ಕೇಳಲೂ ಇಲ್ಲ.

"ಹಗಲಾಗ, ಅತ್ತಿ," ಎಂದಳು ದಾಕ್ಷಾಯಿಣಿ.

ಬಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೂಂ. ಮುಂದಿನ ಬಾಗಲದಿಂದ," ಎಂದಳು, ಶ್ರೀಶೈಲನ ಕಡೆ ತಿರುಗಿ, "ಚಾ ಕುಡೀರಿ ತಮ್ಮಾ, ಆರತೈತಿ," ಎಂದಳು.

ಬೆಳಿಗ್ಗೆ ಕಡಿಮೆಯಾದ ನೆನಪು ಯಾವುದೆಂದು ದಾಕ್ಷಾಯಿಣಿಗೆ ಇನ್ನೂ ತಿಳಿದಿರಲಿಲ್ಲ. ತಿಳಿಯುವುದೂ ಇಲ್ಲ. ಅದು ಎಲ್ಲೋ ಉರಿಯುತ್ತಿರಬೇಕು ಎಂದುಕೊಂಡಳು. ಪರದೆಯಲ್ಲಿ ಹೊತ್ತು ಇಳಿಯುತ್ತಿತ್ತು. ದಾಕ್ಷಿ ಕೈಯಲ್ಲಿ ಕಲ್ಲು ಹಿಡಿದು ದೀಪದ ಪಕ್ಕದಲ್ಲಿ ನಿಂತಿದ್ದಳು. ಕೆಳಗಿನ ದಾರಿಯಲ್ಲಿ, ಹಿಮದ ನಡುವೆ, ಯಾರೋ ಚಿಕ್ಕವರು ಮೇಲಕ್ಕೆ ಹತ್ತಿ ಬರುತ್ತಿದ್ದರು.